ವೆನುಸ್ತಾಸ್: ಚೆಲುವಿಗೆ ರೋಮನರು ಇಟ್ಟ ಹೆಸರು

ಚೆಲುವು, ಸೊಬಗು, ಬೆಡಗು, ಲಾವಣ್ಯ, ಸೌಂದರ್ಯ ಎಂಬ ಮಾತುಗಳು ಕನ್ನಡದಲ್ಲಿ ಒಂದರ ಸ್ಥಾನದಲ್ಲಿ ಇನ್ನೊಂದು ನಿಲ್ಲಬಲ್ಲವೆಂದು ಮೇಲ್ನೋಟಕ್ಕೆ ತೋರಿದರೂ, ನುಡಿಯ ಮರ್ಮವನ್ನು ಬಲ್ಲವನು ಅವುಗಳನ್ನು ಎಂದಿಗೂ ಹಾಗೆ ಬಳಸನು. ಏಕೆಂದರೆ ಒಂದೊಂದು ಮಾತೂ ಒಂದೊಂದು ಬಗೆಯ ನೋಟದಿಂದ ಹುಟ್ಟಿದುದಾಗಿದ್ದು, ಆ ನೋಟದ ನೆನಪನ್ನು ಸಹಸ್ರ ವರ್ಷಗಳಾದ ಮೇಲೆಯೂ ಉಳಿಸಿಕೊಂಡಿರುತ್ತದೆ. ಪ್ರಾಚೀನ ರೋಮನರ ನುಡಿಯಾದ ಲ್ಯಾಟಿನ್ನಿನಲ್ಲಿಯೂ ಸೌಂದರ್ಯವಾಚಕಗಳು ಹಲವಿದ್ದುವು. ಅವುಗಳಲ್ಲಿ ‘ವೆನುಸ್ತಾಸ್’ ಎಂಬುದೊಂದು, ತನ್ನ ಧಾತುವಿನಿಂದಲೂ ಪ್ರತ್ಯಯಗಳಿಂದಲೂ ಲಿಂಗದಿಂದಲೂ, ಸೌಂದರ್ಯವು ವಸ್ತುವಿನಲ್ಲಿದೆಯೋ ನೋಡುವವನ ಹೃದಯದಲ್ಲಿದೆಯೋ ಎಂಬ ಹಳೆಯ ಪ್ರಶ್ನೆಗೆ ತಾನೇ ಒಂದು ಉತ್ತರವನ್ನು ಧರಿಸಿಕೊಂಡಿದೆ. ಆ ಪದದ ವಂಶವನ್ನು ವಿಚಾರಿಸುವುದು ಕೇವಲ ವೈಯಾಕರಣರ ಕುತೂಹಲವಲ್ಲ. ಆ ವಂಶದ ಕೆಲವು ಕುಡಿಗಳು ನಮ್ಮ ಮನೆಯಂಗಳದಲ್ಲಿಯೇ ಬೆಳೆದಿವೆ.

ಒಡಹುಟ್ಟಿದ ಮಾತುಗಳು

ಲ್ಯಾಟಿನ್ನಿನಲ್ಲಿ ಸೌಂದರ್ಯಕ್ಕೆ ಅತ್ಯಂತ ಗಂಭೀರವಾದ ಹೆಸರು ‘ಪುಲ್ಖ್ರಿತೂದೊ’. ‘ಪುಲ್ಖೆರ್’ ಎಂಬ ವಿಶೇಷಣಕ್ಕೆ, ಹಿರಿಮೆಯನ್ನು ಹೇಳುವ ‘ಮಾಗ್ನಿತೂದೊ’, ಎತ್ತರವನ್ನು ಹೇಳುವ ‘ಆಲ್ತಿತೂದೊ’ ಮುಂತಾದ ಪದಗಳಲ್ಲಿ ಕಾಣುವ ಭಾವವಾಚಕ ಪ್ರತ್ಯಯವು ಸೇರಿ ಅದು ಸಿದ್ಧವಾಗಿದೆ. ಪುಲ್ಖೆರ್ ಶಬ್ದದ ಮೂಲದ ವಿಷಯದಲ್ಲಿ ವಿದ್ವಾಂಸರು ಇಂದಿಗೂ ಒಮ್ಮತಕ್ಕೆ ಬಂದಿಲ್ಲ. ಅದರ ನಡುವಿನ ಮಹಾಪ್ರಾಣವಂತೂ ಹುಟ್ಟಿನಿಂದ ಬಂದುದಲ್ಲ. ಕ್ರಿ. ಪೂ. 46ರಲ್ಲಿ ಬರೆದ ‘ಓರಾತೊರ್’ ಎಂಬ ಗ್ರಂಥದಲ್ಲಿ ರೋಮಿನ ವಾಗ್ಮಿ ಸಿಸೆರೊ, ಪೂರ್ವಿಕರು ವ್ಯಂಜನಕ್ಕೆ ಮಹಾಪ್ರಾಣವನ್ನು ಸೇರಿಸುತ್ತಿರಲಿಲ್ಲವೆಂಬುದನ್ನು ತಿಳಿದು ತಾನು ಬಹುಕಾಲ ‘ಪುಲ್ಕೆರ್’ ಎಂದೇ ನುಡಿಯುತ್ತಿದ್ದುದಾಗಿಯೂ, ಕಡೆಗೆ ಜನರ ಕಿವಿಗೆ ಮಣಿದು, ಶಾಸ್ತ್ರಜ್ಞಾನವನ್ನು ತನ್ನಲ್ಲಿಯೇ ಇರಿಸಿಕೊಂಡು, ಬಳಕೆಯನ್ನು ಜನತೆಗೆ ಬಿಟ್ಟುಕೊಟ್ಟುದಾಗಿಯೂ ಹೇಳಿಕೊಂಡಿದ್ದಾನೆ. ಕ್ಲಾಡಿಯ ಕುಲದ ಒಂದು ಶಾಖೆಗೆ ಈ ಪದವೇ ಮನೆತನದ ಹೆಸರಾಗಿದ್ದಿತು. ಆ ಮನೆತನದ ಕ್ಲೋಡಿಯಸ್ ಪುಲ್ಖೆರನು ಸಿಸೆರೊವಿನ ಪರಮವೈರಿಯಾಗಲು, ವಾಗ್ಮಿಯು ತನ್ನ ಪತ್ರಗಳಲ್ಲಿ ಆ ಹೆಸರಿಗೆ ಅಲ್ಪಾರ್ಥಕ ಪ್ರತ್ಯಯವನ್ನು ಹಚ್ಚಿ ‘ಪುಲ್ಖೆಲ್ಲುಸ್’ ಎಂದು, ಎಂದರೆ ಚೆಲುವಿನ ಪುಟ್ಟಣ್ಣನೆಂದು, ಅವನನ್ನು ಹಂಗಿಸಿದನು.

ಎರಡನೆಯದು ‘ಫೋರ್ಮ’. ಆಕಾರವೆಂಬುದೇ ಅದರ ಮುಖ್ಯಾರ್ಥವಾಗಿ, ಒಳ್ಳೆಯ ಆಕಾರವೇ ಚೆಲುವೆಂಬ ಭಾವದಿಂದ ‘ಫೋರ್ಮೋಸುಸ್’ ಎಂಬ ವಿಶೇಷಣವು ಹೊರಟಿತು. ಸ್ಪೇನಿನ ‘ಎರ್ಮೋಸೊ’, ರುಮೇನಿಯದ ‘ಫ್ರುಮೋಸ್’ ಎಂಬುವು ಅದರ ಸಂತತಿ. ಮೂರನೆಯದು ‘ಬೆಲ್ಲುಸ್’, ಮನೆಮಾತಿನ ಮುದ್ದಿನ ಪದ. 1880ರಲ್ಲಿ ರೋಮಿನಲ್ಲಿ ದೊರೆತ, ಮೂರು ಕುಡಿಕೆಗಳನ್ನು ಒಂದಾಗಿ ಬೆಸೆದ ಮಣ್ಣಿನ ಪಾತ್ರೆಯೊಂದರ ಮೇಲಿನ ಅತಿಪ್ರಾಚೀನ ಬರಹದಲ್ಲಿ ‘ದುಎನೋಸ್’ ಎಂಬ ರೂಪವಿದೆ. ಒಳ್ಳೆಯವನೆಂಬರ್ಥದ ಆ ರೂಪವು ಮುಂದೆ ‘ಬೋನುಸ್’ ಎಂದು ಮಾರ್ಪಟ್ಟಿತು. ಅದರ ಅಲ್ಪಾರ್ಥಕ ರೂಪವೇ ಬೆಲ್ಲುಸ್. ಹೀಗೆ ಒಳ್ಳೆಯದೆಂಬುದರಿಂದ ಹುಟ್ಟಿ, ಹೆಂಗಳೆಯರಿಗೂ ಮಕ್ಕಳಿಗೂ ಸಲ್ಲುತ್ತಿದ್ದ ಈ ಮಾತು, ಪಂಡಿತಮಾನ್ಯವಾದ ಪುಲ್ಖೆರ್ ಶಬ್ದವು ಜನರ ನಾಲಗೆಯಿಂದ ಮರೆಯಾದ ಮೇಲೆಯೂ ಬದುಕಿ, ಇಟಲಿಯಲ್ಲಿ ‘ಬೆಲ್ಲೊ’, ಫ್ರಾನ್ಸಿನಲ್ಲಿ ‘ಬೋ’ ಎಂದಾಗಿ, ಇಂಗ್ಲಿಷಿನ ‘ಬ್ಯೂಟಿ’ ಎಂಬ ಪದಕ್ಕೂ ಬೀಜವಾಯಿತು.

ಆಕಾರದಿಂದ ಒಂದು, ಒಳ್ಳೆಯತನದಿಂದ ಇನ್ನೊಂದು ಹುಟ್ಟಿದುವು. ವೆನುಸ್ತಾಸ್ ಹುಟ್ಟಿದುದು ಬಯಕೆಯಿಂದ.

ವೆನುಸ್ ಎಂಬ ‘ವನಸ್ಸು’

ನಾವು ಇಂಗ್ಲಿಷ್ ಉಚ್ಚಾರಣೆಯನ್ನು ಅನುಸರಿಸಿ ವೀನಸ್ ಎನ್ನುವ ದೇವತೆಯ ಹೆಸರು ಲ್ಯಾಟಿನ್ನಿನಲ್ಲಿ ‘ವೆನುಸ್’. ಅವಳು ಗ್ರೀಕರ ಆಫ್ರೊಡೈಟಿಯೊಡನೆ ಒಂದಾಗಿ, ರತಿಯ ಅಧಿದೇವತೆಯಾಗಿ, ಜೂಲಿಯಸ್ ಸೀಸರನ ವಂಶಕ್ಕೆ ಮೂಲಮಾತೆಯೆನಿಸಿ, ಕ್ರಿ. ಪೂ. 46ರಲ್ಲಿ ಅವನಿಂದಲೇ ರೋಮಿನಲ್ಲಿ ದೇವಾಲಯವನ್ನು ಪಡೆದವಳು. ಆದರೆ ಭಾಷಾಶಾಸ್ತ್ರಜ್ಞರು ಈ ಹೆಸರನ್ನು ಬಿಡಿಸಿ ನೋಡಿದಾಗ, ದೇವತೆಯ ಹಿಂದೆ ಒಂದು ಸಾಮಾನ್ಯ ನಾಮಪದವೂ, ಅದೂ ನಪುಂಸಕಲಿಂಗದ ನಾಮಪದವೂ, ಇದ್ದುದು ಕಂಡುಬಂದಿತು. ಅದರ ಅರ್ಥ ಬಯಕೆ, ಒಲವು, ಮನವನ್ನು ಸೆಳೆಯುವ ಗುಣ.

1786ನೆಯ ಇಸವಿ ಫೆಬ್ರವರಿ 2ರಂದು ಕಲ್ಕತ್ತೆಯ ಏಷ್ಯಾಟಿಕ್ ಸೊಸೈಟಿಯಲ್ಲಿ ಸರ್ ವಿಲಿಯಂ ಜೋನ್ಸನು, ಸಂಸ್ಕೃತ, ಗ್ರೀಕ್, ಲ್ಯಾಟಿನ್ ಭಾಷೆಗಳು ಯಾವುದೋ ಒಂದೇ ಮೂಲದಿಂದ ಹೊರಟಿರಬೇಕೆಂದು ನುಡಿದನಷ್ಟೆ. ಆ ಮಾತಿಗೆ ವೆನುಸ್ ಶಬ್ದಕ್ಕಿಂತ ರಮ್ಯವಾದ ನಿದರ್ಶನ ದೊರೆಯುವುದು ಕಷ್ಟ. ಪಾಣಿನೀಯ ಧಾತುಪಾಠದಲ್ಲಿ ‘ವನು ಯಾಚನೇ’ ಎಂದು ಪಠಿತವಾದ ಧಾತುವೇ ಇದರ ದಾಯಾದಿ. ಋಗ್ವೇದದ ಹತ್ತನೆಯ ಮಂಡಲದ 172ನೆಯ ಸೂಕ್ತದಲ್ಲಿ ಉಷೋದೇವಿಯನ್ನು ಬರಮಾಡಿಕೊಳ್ಳುವ ಋಷಿಯು, ಅವಳು ‘ವನಸಾ’, ಎಂದರೆ ತನ್ನ ಕಮನೀಯತೆಯೊಡನೆ, ಬರಲೆಂದು ಪ್ರಾರ್ಥಿಸುತ್ತಾನೆ. ಆ ‘ವನಸ್’ ಎಂಬ ನಪುಂಸಕ ಶಬ್ದವೂ ಲ್ಯಾಟಿನ್ನಿನ ವೆನುಸ್ ಶಬ್ದವೂ ಅಕ್ಷರಕ್ಕೆ ಅಕ್ಷರ ಒಂದೇ. ಮನಸ್, ತಪಸ್, ಯಶಸ್ ಎಂಬ ಸಕಾರಾಂತ ನಪುಂಸಕಗಳು ಕನ್ನಡಕ್ಕೆ ಬಂದು ಮನಸ್ಸು, ತಪಸ್ಸು, ಯಶಸ್ಸು ಎಂದಾದಂತೆ, ಈ ವನಸ್ ಎಂಬುದೂ ಲೋಕವ್ಯವಹಾರದಲ್ಲಿ ಉಳಿದು ನಮ್ಮವರೆಗೆ ಬಂದಿದ್ದರೆ, ಅದನ್ನು ನಾವು ‘ವನಸ್ಸು’ ಎಂದೇ ಕರೆಯುತ್ತಿದ್ದೆವು.

ಆ ಪದವು ಬರದಿದ್ದರೂ ಅದರ ಬಂಧುಗಳು ಬಂದಿವೆ. ‘ವನಿತೆ’ ಎಂಬ ಮಾತು ಇದೇ ಧಾತುವಿನ ಕೃದಂತ. ಬಯಸಲ್ಪಟ್ಟವಳು, ಒಲಿದು ಕೋರಲ್ಪಟ್ಟವಳು ಎಂಬುದು ಅದರ ಮೂಲಾರ್ಥ. ‘ವಾಂಛೆ’ ಎಂಬುದೂ ಅದೇ ಬೇರಿನ ಇನ್ನೊಂದು ಕವಲು. ಇಂಗ್ಲಿಷಿನ ‘ವಿಶ್’, ಜರ್ಮನಿನ ‘ವುನ್ಶ್’ ಎಂಬ ಇಚ್ಛಾವಾಚಕಗಳು ಅದಕ್ಕೆ ನೇರವಾದ ನೆಂಟರು. ಸ್ತುತಿವಾಕ್ಕನ್ನು ಪ್ರೀತಿಸುವವನೆಂದು ವೇದವು ಇಂದ್ರನಿಗೆ ‘ಗಿರ್ವಣಸ್’ ಎಂಬ ವಿಶೇಷಣವನ್ನು ಕೊಡುತ್ತದೆ. ಅದರ ಉತ್ತರಾರ್ಧದಲ್ಲಿರುವುದು ಇದೇ ವನಸ್. ಆ ಗಿರ್ವಣಸ್ ಶಬ್ದವೇ ರೂಪಭೇದವನ್ನು ಹೊಂದಿ, ದೇವತೆಗಳನ್ನು ಹೇಳುವ ‘ಗೀರ್ವಾಣ’ ಶಬ್ದವಾಯಿತೆಂದು ನಿಘಂಟುಕಾರರು ಹೇಳುತ್ತಾರೆ. ನಮ್ಮ ಹಿರಿಯರು ಸಂಸ್ಕೃತವನ್ನು ಗೀರ್ವಾಣಭಾಷೆಯೆಂದು ಗೌರವದಿಂದ ಹೆಸರಿಸಿದಾಗಲೆಲ್ಲ ರೋಮಿನ ದೇವತೆಯ ಹೆಸರಿಗೆ ಮೂಲವಾದ ಶಬ್ದವೇ ಅವರ ಬಾಯಲ್ಲಿಯೂ ನುಡಿದಿತ್ತು.

ಲ್ಯಾಟಿನ್ನಿನೊಳಗೆ ಈ ಬೇರಿನಿಂದ ಒಡೆದ ಕುಡಿಗಳೂ ಅಷ್ಟೇ ವಿಚಿತ್ರವಾದುವು. ದೇವರ ಒಲವನ್ನು ಕೋರಿ ಪೂಜಿಸುವುದು ‘ವೆನೆರಾರಿ’. ಅನುಗ್ರಹ, ಕ್ಷಮೆ ಎಂಬುದು ‘ವೆನಿಯ’. ವಿಷವೆಂಬರ್ಥದ ‘ವೆನೇನುಮ್’ ಕೂಡ ಮೊದಲಿಗೆ ಒಲವನ್ನು ಹುಟ್ಟಿಸುವ ಮದ್ದೇ ಆಗಿದ್ದು, ಆಮೇಲೆ ಯಾವ ಮದ್ದಿಗಾದರೂ ಸಲ್ಲುವ ಹೆಸರಾಗಿ, ಕಡೆಗೆ ಮಾರಕವಾದ ಮದ್ದಿನಲ್ಲಿ ನೆಲೆನಿಂತಿತು. ಪೂಜೆ, ಕ್ಷಮೆ, ವಿಷ, ಚೆಲುವು ಈ ನಾಲ್ಕೂ ಒಂದೇ ತಾಯಿಯ ಮಕ್ಕಳೆಂಬುದನ್ನು ನೆನೆದಾಗ, ಬಯಕೆಯ ಸ್ವಭಾವವನ್ನು ಆ ಪ್ರಾಚೀನರು ಎಷ್ಟು ಆಳವಾಗಿ ಅರಿತಿದ್ದರೆಂದು ಆಶ್ಚರ್ಯವಾಗದಿರದು.

ಲಿಂಗ, ವಿಭಕ್ತಿ, ಪ್ರತ್ಯಯ

ವೆನುಸ್ ಶಬ್ದದ ಷಷ್ಠೀರೂಪ ‘ವೆನೆರಿಸ್’. ಸಕಾರವಿದ್ದ ಕಡೆ ರೇಫವು ಹೇಗೆ ಬಂದಿತು? ಎರಡು ಸ್ವರಗಳ ನಡುವೆ ಸಿಕ್ಕಿದ ಸಕಾರವು ಲ್ಯಾಟಿನ್ನಿನಲ್ಲಿ ರೇಫವಾಗುತ್ತದೆಂಬುದು ಇದಕ್ಕೆ ಸಮಾಧಾನ. ಕುಲವೆಂಬರ್ಥದ ‘ಗೆನುಸ್’ ಶಬ್ದವು ಷಷ್ಠಿಯಲ್ಲಿ ‘ಗೆನೆರಿಸ್’ ಆಗುವುದೂ ಹೀಗೆಯೇ. ನಮ್ಮ ಜನಸ್ ಶಬ್ದದ ‘ಜನಸಃ’ ಎಂಬ ರೂಪವನ್ನು ಅದರ ಪಕ್ಕದಲ್ಲಿ ಇಟ್ಟು ನೋಡಿದರೆ ಹಳೆಯ ಸಕಾರವು ತಾನಾಗಿ ಗೋಚರಿಸುತ್ತದೆ. ಸಂಸ್ಕೃತದ ಸಂಧಿಯಲ್ಲಿ ‘ಮುನಿರಯಮ್’ ಎನ್ನುವಾಗ ಪದಾಂತ್ಯದ ಸಕಾರವು ರೇಫವಾಗುವುದನ್ನು ಬಲ್ಲವರಿಗೆ ಈ ಮಾರ್ಪಾಟು ಅಪರಿಚಿತವೆನಿಸದು. ರೋಮನರಿಗೂ ಇದರ ನೆನಪಿದ್ದಿತು: ಪಾಪೀರಿಯಸ್ ಎಂಬ ಮನೆತನದವರು ಹಿಂದೆ ‘ಪಾಪೀಸಿಯಸ್’ ಎನಿಸಿಕೊಳ್ಳುತ್ತಿದ್ದರೆಂದೂ, ಕ್ರಿ. ಪೂ. 4ನೆಯ ಶತಮಾನದಲ್ಲಿದ್ದ ಆ ವಂಶದವನೊಬ್ಬನಿಂದ ಮೊದಲುಗೊಂಡು ಹೆಸರು ಬದಲಾಯಿತೆಂದೂ ಸಿಸೆರೊ ಒಂದು ಪತ್ರದಲ್ಲಿ ತಿಳಿಸಿದ್ದಾನೆ.

ನಪುಂಸಕವಾಗಿದ್ದ ಪದವು ದೇವತೆಯ ಹೆಸರಾದೊಡನೆ ಸ್ತ್ರೀಲಿಂಗವಾಯಿತು. ಅರ್ಥವನ್ನು ಅನುಸರಿಸಿ ಲಿಂಗವನ್ನು ನಿರ್ಣಯಿಸುವ ಕನ್ನಡಕ್ಕೆ ಇದು ಸಹಜವಾದ ನಡೆಯೇ ಸರಿ. ಶಬ್ದರೂಪಕ್ಕೆ ಲಿಂಗವನ್ನು ಕಟ್ಟಿಹಾಕುವ ಲ್ಯಾಟಿನ್ನಿನಂಥ ಭಾಷೆಯಲ್ಲಿ ಮಾತ್ರ ಇದೊಂದು ಅಪೂರ್ವ ಘಟನೆ. ಗೆನುಸ್ ಶಬ್ದವು ಕಡೆಯವರೆಗೂ ನಪುಂಸಕವಾಗಿಯೇ ಉಳಿಯಲು, ಅದೇ ರೂಪದ ವೆನುಸ್ ಶಬ್ದವು ಭಕ್ತಿಯ ಬಲದಿಂದ ವ್ಯಾಕರಣದ ಕಟ್ಟನ್ನು ದಾಟಿತು.

ಇನ್ನು ಪ್ರತ್ಯಯಗಳು. ವೆನುಸ್ ಎಂಬ ಸಕಾರಾಂತ ಪ್ರಕೃತಿಗೆ, ಅದುಳ್ಳದ್ದು ಎಂಬರ್ಥದ ‘ತುಸ್’ ಸೇರಿ ‘ವೆನುಸ್ತುಸ್’ ಎಂಬ ವಿಶೇಷಣವಾಯಿತು. ಮಾನವೆಂಬರ್ಥದ ‘ಹೊನೋಸ್’ ಶಬ್ದದಿಂದ ‘ಹೊನೆಸ್ತುಸ್’, ಹೊರೆಯೆಂಬರ್ಥದ ‘ಓನುಸ್’ ಶಬ್ದದಿಂದ ‘ಓನುಸ್ತುಸ್’ ಆದುದೂ ಇದೇ ಅಚ್ಚಿನಲ್ಲಿ. ಆ ವಿಶೇಷಣದ ಮೇಲೆ ಮತ್ತೆ ಭಾವಾರ್ಥದ ‘ತಾಸ್’ ಬಂದು, ಒಂದರ ಪಕ್ಕದಲ್ಲೊಂದು ಬಂದ ಎರಡು ತಕಾರಾಕ್ಷರಗಳಲ್ಲಿ ಒಂದು ಉಚ್ಚಾರಣೆಯ ಸೌಕರ್ಯಕ್ಕಾಗಿ ಲೋಪವಾಗಿ, ‘ವೆನುಸ್ತಾಸ್’ ಎಂಬುದು ನಿಷ್ಪನ್ನವಾಯಿತು. ಈ ‘ತಾಸ್’ ಪ್ರತ್ಯಯದ ಪ್ರಕೃತರೂಪ ‘ತಾತ್’. ವೇದದ ‘ದೇವತಾತಿ’, ‘ಸರ್ವತಾತಿ’ ಎಂಬ ಪ್ರಯೋಗಗಳಲ್ಲಿ ಅದರ ಸೋದರವೂ, ಲೌಕಿಕ ಸಂಸ್ಕೃತದ ‘ತಾ’ ಎಂಬುದರಲ್ಲಿ, ತನ್ಮೂಲಕ ಕನ್ನಡದ ಮಾನವತೆ, ಮಧುರತೆಗಳಲ್ಲಿಯ ‘ತೆ’ ಎಂಬುದರಲ್ಲಿ, ಅದರ ಹತ್ತಿರದ ಬಂಧುವೂ ಇವೆ. ತೇಜಸ್ ಎಂಬುದರಿಂದ ತೇಜಸ್ವಿ, ತೇಜಸ್ವಿಯಿಂದ ತೇಜಸ್ವಿತೆ ಹೊರಡುವ ಕ್ರಮದಲ್ಲಿಯೇ ವೆನುಸ್, ವೆನುಸ್ತುಸ್, ವೆನುಸ್ತಾಸ್ ಎಂಬ ಮೂರು ಮೆಟ್ಟಿಲುಗಳಿವೆ. ಮೊದಲ ಮೆಟ್ಟಿಲಿನಲ್ಲಿ ಬಯಕೆ. ಎರಡನೆಯದರಲ್ಲಿ ಆ ಬಯಕೆಯನ್ನು ಹುಟ್ಟಿಸುವ ಗುಣವುಳ್ಳ ವಸ್ತು. ಮೂರನೆಯದರಲ್ಲಿ ಆ ವಸ್ತುವಿನ ತನ. ಸೌಂದರ್ಯವೆಂಬುದು ವಸ್ತುವಿನಲ್ಲಿರುವ ಧರ್ಮವೇ ಹೌದು, ಆದರೆ ಹೃದಯವೊಂದು ಒಲಿದಲ್ಲದೆ ಹೆಸರನ್ನು ಪಡೆಯಲಾರದ ಧರ್ಮ ಎಂಬ ಸಿದ್ಧಾಂತವು ಈ ಪದದ ವ್ಯುತ್ಪತ್ತಿಯಲ್ಲಿಯೇ ಅಡಗಿದೆ.

ವಿಭಕ್ತಿಗಳಲ್ಲಿ ಈ ಪದವು ಮೂರನೆಯ ಗಣಕ್ಕೆ ಸೇರಿ, ದ್ವಿತೀಯೆಯಲ್ಲಿ ‘ವೆನುಸ್ತಾತೆಮ್’, ಷಷ್ಠಿಯಲ್ಲಿ ‘ವೆನುಸ್ತಾತಿಸ್’ ಎಂದಾಗುತ್ತದೆ. ನಮ್ಮ ತೃತೀಯೆ ಮತ್ತು ಪಂಚಮಿಗಳ ಕಾರ್ಯವನ್ನೂ ಸಪ್ತಮಿಯ ಬಹುಭಾಗವನ್ನೂ ಲ್ಯಾಟಿನ್ನಿನಲ್ಲಿ ಒಂದೇ ವಿಭಕ್ತಿಯು ಹೊರುತ್ತದೆ. ಅದರಲ್ಲಿ ರೂಪವು ‘ವೆನುಸ್ತಾತೆ’. ಅದ್ಭುತವಾದ ಚೆಲುವಿನ ನಗರವೆಂದು ನಾವು ಷಷ್ಠಿಯಲ್ಲಿ ಹೇಳುವುದನ್ನು ರೋಮನನು ‘ಉರ್ಬ್ಸ್ ಮೀರಾ ವೆನುಸ್ತಾತೆ’ ಎಂದು ಈ ವಿಭಕ್ತಿಯಲ್ಲಿ ಹೇಳಬಲ್ಲನು.

ಕವಿಗಳ ಬಾಯಲ್ಲಿ, ಚಿತ್ರಕಾರರ ಬಾಯಲ್ಲಿ

ಪದದ ಅರ್ಥವನ್ನು ಬೇರಿನಿಂದ ಅರಿತರೆ ಸಾಲದು; ಬಲ್ಲವರ ಬಳಕೆಯಿಂದ ಅದನ್ನು ಪರೀಕ್ಷಿಸಬೇಕು. ಕ್ರಿ. ಪೂ. 1ನೆಯ ಶತಮಾನದ ಕವಿ ಕ್ಯಾಟುಲ್ಲಸನು ತನ್ನ 86ನೆಯ ಕವಿತೆಯಲ್ಲಿ ಕ್ವಿಂಟಿಯ ಎಂಬವಳ ಚೆಲುವನ್ನು ವಿಚಾರಣೆಗೆ ತರುತ್ತಾನೆ. ಅವಳು ಗೌರಾಂಗಿ, ನೀಳಕಾಯೆ, ನೇರವಾದ ನಿಲುವಿನವಳು. ಈ ಒಂದೊಂದನ್ನೂ ಅವನು ಒಪ್ಪಿಕೊಳ್ಳುತ್ತಾನೆ. ಇಷ್ಟಿದ್ದೂ ಅವಳನ್ನು ಚೆಲುವೆಯೆನ್ನಲು ಅವನು ಒಪ್ಪನು. ಏಕೆಂದರೆ ಅವಳಲ್ಲಿ ವೆನುಸ್ತಾಸ್ ಇಲ್ಲ, ಅಷ್ಟು ದೊಡ್ಡ ದೇಹದಲ್ಲಿ ಒಂದು ಹರಳು ಉಪ್ಪೂ ಇಲ್ಲ. ಲಾವಣ್ಯವೆಂಬ ಪದವು ಲವಣದಿಂದ ಹುಟ್ಟಿದುದೆಂಬುದನ್ನು ಬಲ್ಲ ಕನ್ನಡಿಗನಿಗೆ ಇಲ್ಲಿ ವ್ಯಾಖ್ಯಾನವೇ ಬೇಕಿಲ್ಲ: ಅಂಗಾಂಗಗಳ ಲೆಕ್ಕದಿಂದ ಸಿಕ್ಕದ, ಒಟ್ಟು ರೂಪಕ್ಕೆ ರುಚಿಯನ್ನು ಕೊಡುವ ಆ ಸಾರವನ್ನು ಭರತಖಂಡದವರೂ ರೋಮನರೂ, ಒಬ್ಬರನ್ನೊಬ್ಬರು ಕೇಳದೆಯೇ, ಉಪ್ಪಿನಿಂದಲೇ ಗುರುತಿಸಿದರು.

ಚಿತ್ರಕಲೆಯಲ್ಲಿಯೂ ಇದೇ ವಿವೇಕವು ಕಾಣುತ್ತದೆ. ಕ್ರಿ. ಶ. 79ರಲ್ಲಿ ವೆಸೂವಿಯಸ್ ಪರ್ವತದ ಸ್ಫೋಟದ ಕಾಲದಲ್ಲಿ ಮಡಿದ ಪ್ಲಿನಿಯು ತನ್ನ ‘ಪ್ರಕೃತಿ ಚರಿತ್ರೆ’ಯ 35ನೆಯ ಸಂಪುಟದಲ್ಲಿ ಅಪೆಲ್ಲೀಸನೆಂಬ ಮಹಾಚಿತ್ರಕಾರನನ್ನು ಕುರಿತು ಹೇಳುವಾಗ, ಅವನು ಸಮಕಾಲೀನರ ಕೃತಿಗಳನ್ನು ಮನಸಾರೆ ಮೆಚ್ಚಿದರೂ, ಅವುಗಳಲ್ಲಿ ತನ್ನದಾದ ಆ ವೆನುಸ್ ಇಲ್ಲವೆಂದು, ಗ್ರೀಕರು ‘ಖಾರಿಸ್’ ಎನ್ನುವ ಆ ಗುಣವಿಲ್ಲವೆಂದು, ನುಡಿಯುತ್ತಿದ್ದುದಾಗಿ ತಿಳಿಸುತ್ತಾನೆ. ಸಮಕಾಲೀನ ಚಿತ್ರಕಾರನಾದ ಪ್ರೊಟೊಜೆನೀಸನು ಎಲ್ಲದರಲ್ಲಿಯೂ ತನಗೆ ಸಮಾನನು ಅಥವಾ ಮಿಗಿಲು. ಆದರೆ ಚಿತ್ರದಿಂದ ಕೈಯನ್ನು ಯಾವಾಗ ತೆಗೆಯಬೇಕೆಂಬುದೊಂದನ್ನು ಅವನು ಅರಿಯನು ಎಂಬುದು ಅಪೆಲ್ಲೀಸನ ತೀರ್ಪು. ದುಡಿಮೆಯ ಅತಿರೇಕವು ಒಲವನ್ನು ಓಡಿಸಿಬಿಡುತ್ತದೆ ಎಂಬ ಈ ಮಾತು ಎಲ್ಲ ಕಲೆಗಳಿಗೂ ಸಲ್ಲುವಂಥದು. ರೋಮಿನ ಕವಿ ಹೊರೇಸನು ಕಾವ್ಯದಲ್ಲಿ ಅಡಕದ ಕ್ರಮಕ್ಕೊಂದು ವೆನುಸ್ ಉಂಟೆಂದನು. ವಾಗ್ಮಿತೆಯ ಆಚಾರ್ಯ ಕ್ವಿಂಟಿಲಿಯನನು, ಗ್ರೀಸಿನ ಆಟ್ಟಿಕ ನುಡಿಯವರಿಗೆ ಮಾತ್ರ ದಕ್ಕಿದ್ದ ವೆನುಸ್ ರೋಮಿನ ಪ್ರಹಸನಕ್ಕೆ ದಕ್ಕಲಿಲ್ಲವೆಂದು ಮರುಗಿದನು. ಇವೆಲ್ಲದರಲ್ಲಿಯೂ ದೇವತೆಯ ಹೆಸರು ಮತ್ತೆ ತನ್ನ ಹಳೆಯ ಅರ್ಥಕ್ಕೆ, ಮನವನ್ನು ಸೆಳೆಯುವ ಗುಣಕ್ಕೆ, ಹಿಂದಿರುಗಿದೆ.

ಸಿಸೆರೊ ಒಬ್ಬನು ಕ್ರಿ. ಪೂ. 44ರಲ್ಲಿ ತನ್ನ ಕರ್ತವ್ಯವಿಚಾರದ ಗ್ರಂಥದಲ್ಲಿ ಸೌಂದರ್ಯವನ್ನು ಎರಡಾಗಿ ಸೀಳಿ, ವೆನುಸ್ತಾಸ್ ಹೆಣ್ಣಿಗೆಂದೂ, ಘನತೆಯೆಂಬರ್ಥದ ‘ದಿಗ್ನಿತಾಸ್’ ಗಂಡಿಗೆಂದೂ ಹಂಚಿದನು. ಪದದ ವ್ಯಾಕರಣಲಿಂಗವನ್ನು ವಸ್ತುವಿನ ಮೇಲೆ ಹೊರಿಸಿದಂತಿರುವ ಈ ಹಂಚಿಕೆಯು ಅವನ ಪ್ರತಿಭೆಗೆ ತಕ್ಕುದಲ್ಲ. ದಿಗ್ನಿತಾಸ್ ಶಬ್ದವೂ ಸ್ತ್ರೀಲಿಂಗವೇ ಆಗಿರುವುದರಿಂದ ವ್ಯಾಕರಣದ ಬೆಂಬಲವೂ ಅದಕ್ಕಿಲ್ಲ. ಅದೇ ಸಿಸೆರೊ ಹನ್ನೊಂದು ವರ್ಷಗಳ ಹಿಂದೆ, ವಾಗ್ಮಿತೆಯನ್ನು ಕುರಿತ ಗ್ರಂಥದಲ್ಲಿ, ಇದಕ್ಕಿಂತ ಎಷ್ಟೋ ಉದಾರವಾದ ಮಾತನ್ನು ಆಡಿಸಿದ್ದನು: ಕ್ಯಾಪಿಟೋಲಿನ ದೇವಾಲಯದ ಇಳಿಜಾರಾದ ಮಾಡನ್ನು ಕಟ್ಟಿಸಿದುದು ವೆನುಸ್ತಾಸ್ ಅಲ್ಲ, ಮಳೆಯ ನೀರನ್ನು ಇಬ್ಬದಿಗೂ ಹರಿಸಬೇಕೆಂಬ ಅವಶ್ಯಕತೆ, ಆದರೆ ಆ ಉಪಯೋಗವನ್ನು ಹಿಂಬಾಲಿಸಿ ಬಂದ ಘನತೆ ಎಷ್ಟರದೆಂದರೆ, ಮಳೆಯೇ ಬಾರದ ಸ್ವರ್ಗದಲ್ಲಿ ಆ ದೇವಾಲಯವನ್ನು ಕಟ್ಟಿದರೂ ಆ ಮಾಡಿಲ್ಲದೆ ಅದಕ್ಕೆ ಶೋಭೆಯಿರಲಾರದು.

ಮೂರು ಷಷ್ಠಿಗಳು

ಕಟ್ಟಡದ ಪ್ರಸ್ತಾಪವು ನಮ್ಮನ್ನು ವಿಟ್ರೂವಿಯಸನ ಬಳಿಗೆ ಕರೆದೊಯ್ಯುತ್ತದೆ. ಕ್ರಿ. ಪೂ. 1ನೆಯ ಶತಮಾನದ ಕೊನೆಯ ದಶಕಗಳಲ್ಲಿ ಈ ವಾಸ್ತುಶಿಲ್ಪಿಯು ಹತ್ತು ಅಧಿಕರಣಗಳ ‘ದೇ ಆರ್ಕಿತೆಕ್ತೂರ’ ಎಂಬ ಗ್ರಂಥವನ್ನು ಬರೆದು ಅಗಸ್ಟಸ್ ಚಕ್ರವರ್ತಿಗೆ ಅರ್ಪಿಸಿದನು. ಅದರ ಮೊದಲ ಅಧಿಕರಣದಲ್ಲಿ ಸಾರ್ವಜನಿಕ ಕಟ್ಟಡಗಳನ್ನು, ಎಂದರೆ ಕೋಟೆ, ದೇವಾಲಯ, ಬಂದರು, ಚಾವಡಿ, ಸ್ನಾನಗೃಹ, ನಾಟಕಶಾಲೆಗಳನ್ನು ಹೆಸರಿಸಿ, ಇವೆಲ್ಲವನ್ನೂ ಮೂರು ಸಂಗತಿಗಳ ಲೆಕ್ಕವಿಟ್ಟು ಕಟ್ಟಬೇಕೆಂದು ವಿಧಿಸುತ್ತಾನೆ: ದೃಢತೆಯ, ಉಪಯುಕ್ತತೆಯ, ವೆನುಸ್ತಾಸಿನ. ‘ಫಿರ್ಮಿತಾತಿಸ್, ಊತಿಲಿತಾತಿಸ್, ವೆನುಸ್ತಾತಿಸ್’ ಎಂದು ಮೂರೂ ಪದಗಳು ಒಂದೇ ಪ್ರತ್ಯಯದವಾಗಿ, ಒಂದೇ ಷಷ್ಠೀವಿಭಕ್ತಿಯಲ್ಲಿ, ಒಂದೇ ನಾಮಪದಕ್ಕೆ ಅಧೀನವಾಗಿ ನಿಂತಿವೆ. ಸಮಾನವಿಭಕ್ತಿಯಲ್ಲಿ ನಿಂತವುಗಳಿಗೆ ಸಮಾನವಾದ ಅಧಿಕಾರವೆಂಬುದು ವಾಕ್ಯಶಾಸ್ತ್ರದ ನ್ಯಾಯ. ತಳಹದಿಯು ಗಟ್ಟಿಯಾಗಿರಬೇಕೆಂಬುದೂ, ಕೊಠಡಿಗಳು ಉಪಯೋಗಕ್ಕೆ ಒದಗಬೇಕೆಂಬುದೂ ಎಷ್ಟು ಕಡ್ಡಾಯವೋ, ಕಟ್ಟಡವು ಒಲವನ್ನು ಹುಟ್ಟಿಸಬೇಕೆಂಬುದೂ ಅಷ್ಟೇ ಕಡ್ಡಾಯ; ಹಣವುಳಿದರೆ ಮಾಡಿಸಬಹುದಾದ ಅಲಂಕಾರ ಅದಲ್ಲ.

ವೆನುಸ್ತಾಸ್ ಹೇಗೆ ಸಿದ್ಧಿಸುತ್ತದೆಂಬುದಕ್ಕೂ ಅವನಲ್ಲಿ ಉತ್ತರವಿದೆ. ಕೃತಿಯ ನೋಟವು ಮನಕ್ಕೆ ಹಿತವಾಗಿಯೂ ಪರಿಷ್ಕೃತವಾಗಿಯೂ ಇದ್ದು, ಅದರ ಅವಯವಗಳ ಪರಸ್ಪರ ಪ್ರಮಾಣವು ಸರಿಯಾದ ಗಣನೆಯಿಂದ ಕೂಡಿದ್ದಾಗ ಅದು ಉಂಟಾಗುವುದೆಂದು ಅವನ ಮತ. ಹಿತವೆಂಬುದು ನೋಡುವವನ ಕಡೆಯ ಮಾತು. ಪ್ರಮಾಣವೆಂಬುದು ವಸ್ತುವಿನ ಕಡೆಯ ಮಾತು. ಶತಮಾನಗಳ ಅನಂತರ ಸಂತ ಅಗಸ್ಟಿನನು, ವಸ್ತುಗಳು ನಮಗೆ ಹಿಡಿಸುವುದರಿಂದ ಸುಂದರವೋ, ಸುಂದರವಾಗಿರುವುದರಿಂದ ಹಿಡಿಸುವುವೋ ಎಂದು ಪ್ರಶ್ನಿಸಿ, ಎರಡನೆಯದೇ ಸತ್ಯವೆಂದು ನಿರ್ಣಯಿಸಿದನು. ಅವನು ತನ್ನ ಆತ್ಮನಿವೇದನೆಯಲ್ಲಿ ದೇವರನ್ನೇ ಸೌಂದರ್ಯವೆಂದು ಸಂಬೋಧಿಸಿ ಕರೆಯುವಾಗ ಆಯ್ದುಕೊಂಡ ಪದವೂ ಪುಲ್ಖ್ರಿತೂದೊ. 15ನೆಯ ಶತಮಾನದಲ್ಲಿ ವಾಸ್ತುವನ್ನು ಕುರಿತು ಲ್ಯಾಟಿನ್ನಿನಲ್ಲಿಯೇ ಬರೆದ ಇಟಲಿಯ ಆಲ್ಬರ್ಟಿಯೂ ಆ ಪದವನ್ನೇ ಹಿಡಿದು, ಏನನ್ನು ಸೇರಿಸಿದರೂ ಕಳೆದರೂ ಬದಲಿಸಿದರೂ ಕೆಡುವಂತಿರುವ ಅವಯವಗಳ ಸಾಮರಸ್ಯವೇ ಅದೆಂದು ಲಕ್ಷಣವನ್ನು ಹೇಳಿದನು. ಈ ಮಹನೀಯರ ನಿರ್ಣಯಗಳಿಗೆ ತಲೆಬಾಗಿದರೂ, ಎರಡು ಕಡೆಯನ್ನೂ ಕೈಬಿಡದ ವಿಟ್ರೂವಿಯಸನ ಮಾತು ಹೆಚ್ಚು ಪೂರ್ಣವಾದುದೆಂದು ನನ್ನ ನಂಬಿಕೆ. ಪದದ ಮೂರು ಮೆಟ್ಟಿಲುಗಳೂ ಆ ಪಕ್ಷಕ್ಕೇ ಸಾಕ್ಷ್ಯವನ್ನು ನುಡಿಯುತ್ತವೆ.

1624ರಲ್ಲಿ ಇಂಗ್ಲೆಂಡಿನ ಹೆನ್ರಿ ವಾಟನನು ವಿಟ್ರೂವಿಯಸನ ಈ ತ್ರಿಕವನ್ನು ತನ್ನ ಭಾಷೆಗೆ ತಂದಾಗ, ವೆನುಸ್ತಾಸ್ ಎಂಬುದಕ್ಕೆ ಸೌಂದರ್ಯವೆಂಬ ಮಾತನ್ನು ಇಡದೆ, ಆಹ್ಲಾದವೆಂಬರ್ಥದ ‘ಡಿಲೈಟ್’ ಎಂಬುದನ್ನು ಇಟ್ಟನು. ಬೇರಿನ ಅರ್ಥವು ಅವನ ಕೈಯಲ್ಲಿ ಮತ್ತೆ ಚಿಗುರಿತೆನ್ನಬೇಕು. 1979ರಿಂದ ವಾಸ್ತುಶಿಲ್ಪಿಗಳಿಗೆ ಕೊಡಲಾಗುತ್ತಿರುವ ಪ್ರಿಟ್ಜ್‌ಕರ್ ಪುರಸ್ಕಾರದ ಪದಕದ ಮೇಲೆ ಇಂದು ಕೆತ್ತಲ್ಪಟ್ಟಿರುವುದು ಆ ಮೂರು ಇಂಗ್ಲಿಷ್ ಮಾತುಗಳೇ. 2018ರಲ್ಲಿ ಅದನ್ನು ಪಡೆದ ಬಾಲಕೃಷ್ಣ ದೋಶಿಯವರು ಆ ಗೌರವಕ್ಕೆ ಪಾತ್ರರಾದ ಮೊದಲನೆಯ ಭಾರತೀಯರು. ಬೆಂಗಳೂರಿನ ಬನ್ನೇರುಘಟ್ಟ ರಸ್ತೆಯ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಮ್ಯಾನೇಜ್‌ಮೆಂಟ್ ಸಂಸ್ಥೆಯ ಕಟ್ಟಡಗಳು ಅವರ ಕಲ್ಪನೆಯವು. ಬೂದುಬಣ್ಣದ ಕಲ್ಲುಗೋಡೆಗಳ ನಡುವೆ ಹಾದುಹೋಗುವ ಅಲ್ಲಿಯ ಉದ್ದನೆಯ ಮೊಗಸಾಲೆಗಳು ಮಾಡಿಲ್ಲದ ತೊಲೆಸಾಲುಗಳ ನಡುವಿನಿಂದ ಬಿಸಿಲನ್ನೂ ನೆರಳನ್ನೂ ಬಳ್ಳಿಗಳ ಹಸುರನ್ನೂ ಒಳಗೆ ಕರೆದುಕೊಳ್ಳುತ್ತವೆ. ಓದುವವರು ಒಂದು ಕೊಠಡಿಯಿಂದ ಇನ್ನೊಂದಕ್ಕೆ ಹೋಗುವ ದಾರಿಯೇ ನಿಂತು ಮಾತನಾಡಬೇಕೆನಿಸುವ ತಾಣವಾಗುತ್ತದೆ. ಅಲ್ಲಿ ಅಲಂಕಾರವೆಂದು ಬೇರೆಯಾಗಿ ಹಚ್ಚಿದ್ದು ಹೆಚ್ಚೇನೂ ಇಲ್ಲ. ಉಪಯೋಗವೇ ಒಲವಿಗೆ ತಿರುಗಿದೆ.

ಶಾಲೆ, ಆಸ್ಪತ್ರೆ, ಬಸ್ಸು ನಿಲ್ದಾಣ, ಕಚೇರಿಗಳನ್ನು ನಾವು ವರ್ಷವರ್ಷವೂ ಕಟ್ಟುತ್ತಿದ್ದೇವೆ. ಗಟ್ಟಿತನಕ್ಕೆ ಎಂಜಿನಿಯರರ ಪ್ರಮಾಣಪತ್ರವುಂಟು, ಉಪಯೋಗಕ್ಕೆ ಇಲಾಖೆಯ ನಿಯಮವುಂಟು. ಮೂರನೆಯ ಷಷ್ಠಿಯನ್ನು ಮಾತ್ರ ವಾಕ್ಯದಿಂದ ತೆಗೆದುಹಾಕಿದ್ದೇವೆ. ಬಡವನ ಮಗುವು ದಿನದ ಆರು ಗಂಟೆಗಳನ್ನು ಕಳೆಯುವ ಕೊಠಡಿಯು ಆ ಮಗುವಿಗೆ ಪ್ರಿಯವಾಗಬೇಕೆಂಬುದು ವಿಲಾಸವಲ್ಲ, ನ್ಯಾಯ. ಜನರು ತಾವು ಒಲಿದುದನ್ನು ಕಾಪಾಡುತ್ತಾರೆ, ಒಲಿಯದುದನ್ನು ಹಾಳುಗೆಡಹುತ್ತಾರೆ. ಆದುದರಿಂದ ಒಲವನ್ನು ಹುಟ್ಟಿಸಲಾರದ ಕಟ್ಟಡದ ಗಟ್ಟಿತನವೂ ಬಹುಕಾಲ ಬಾಳದು. ಸಾರ್ವಜನಿಕ ಕಟ್ಟಡದ ನಕ್ಷೆಗೆ ಒಪ್ಪಿಗೆಯನ್ನು ಕೊಡುವ ಪ್ರತಿಯೊಬ್ಬ ಅಧಿಕಾರಿಯೂ, ಇದನ್ನು ಜನರು ಪ್ರೀತಿಸುವರೇ ಎಂಬ ಪ್ರಶ್ನೆಯನ್ನು ಉಳಿದೆರಡು ಪ್ರಶ್ನೆಗಳ ಜೊತೆಯಲ್ಲಿಯೇ, ಅವುಗಳಷ್ಟೇ ಗಂಭೀರವಾಗಿ, ಕೇಳತಕ್ಕದ್ದು.